ಎಂಟನೇ ವರ್ಷಕ್ಕೆ ತಾಯಿಯಾದಳಂತೆ!

ಇವತ್ತು ಯಾವ ರಾಜಕಾರಣಿಯ ಹೇಳಿಕೆಯೂ ಬೇಡ, ಯಾವ ಪಕ್ಷದ ಜಗಳವೂ ಬೇಡ. ಅಂಗೈಯಗಲದ ಒಂದು ಚೀಟಿಯ ಬಗ್ಗೆ ಮಾತಾಡೋಣ.

ಹೋದ ವರ್ಷ, ಅಂದ್ರೆ 2025ರಲ್ಲಿ ಊರಿಗೆ ಹೋಗಿದ್ದೆ. ಪಕ್ಕದ ಬೀದಿಯ ಹೆಣ್ಣುಮಗಳೊಬ್ಬರು ಮನೆಗೆ ಬಂದ್ರು. ಚಿಕ್ಕಂದಿನಿಂದ ನಾನು ಅವರನ್ನ ದೊಡ್ಡವ್ವ ಅಂತಲೇ ಕರೆಯೋದು. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೈಗಿಟ್ಟರು. ಸಂಧ್ಯಾ ಸುರಕ್ಷಾ ಪಿಂಚಣಿಗೆ ಹಾಕಿದ್ದ ಅರ್ಜಿ ತಿರಸ್ಕಾರ ಆಗಿತ್ತು. ಕಾರಣ: ವಯಸ್ಸು ಸಾಲದು.

ನಾನು ದೊಡ್ಡವ್ವನ ಮುಖ ನೋಡಿದೆ. ಹಲ್ಲಿಲ್ಲ, ಸೊಂಟ ಬಾಗಿದೆ. ವಯಸ್ಸು ಸಾಲದಂತೆ!

ಆಧಾರ್ ತೆಗೆಸಿ ನೋಡಿದೆ. ಜನ್ಮದಿನಾಂಕ 01-01-1967. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಜನವರಿ ಒಂದನೇ ತಾರೀಕು ಹುಟ್ಟಿದ್ದಾರೆ, ಒಮ್ಮೆ ಗಮನಿಸಿ. ಹುಟ್ಟಿದ ದಿನ ಗೊತ್ತಿಲ್ಲ ಅಂದವರಿಗೆ ಕಂಪ್ಯೂಟರ್ ಮುಂದೆ ಕೂತವನು ಒಂದು ಅಂದಾಜು ವರ್ಷ ಒತ್ತಿದ, ಮುಗೀತು. ಆ ಲೆಕ್ಕದಲ್ಲಿ ದೊಡ್ಡವ್ವನಿಗೆ 58 ವರ್ಷ. ಸಂಧ್ಯಾ ಸುರಕ್ಷೆಗೆ 65 ತುಂಬಿರಬೇಕು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೂ 60 ಆಗಬೇಕು. ಎರಡೂ ಬಾಗಿಲು ಬಂದ್.

"ಟೀವಿಲಿ ಬತ್ತೀಯಲ್ಲ ಮಗ, ಒಂದು ಫೋನ್ ಮಾಡ್ಬುಡು" ಅಂದ್ರು ದೊಡ್ಡವ್ವ.

ಸುಳ್ಳು ಹೇಳಲ್ಲ, ಕೈ ಫೋನ್ ಮೇಲೆ ಹೋಗಿತ್ತು. ಮಾಡಿದ್ರೆ ಕೆಲಸವೂ ಆಗ್ತಿತ್ತೇನೋ. ಆದರೆ ಟೀವಿಯಲ್ಲಿ ಕೂರೋ ಮಗ ಇಲ್ಲದ ದೊಡ್ಡವ್ವಂದಿರು ಏನು ಮಾಡಬೇಕು? ಎಲ್ಲರಿಗೂ ಇರೋ ದಾರೀಲಿ ಹೋಗಿ ನೋಡೋಣ ಅಂತ ತೀರ್ಮಾನ ಮಾಡಿದೆ.

"ದಾಖಲೆ ಏನಾದ್ರೂ ಇದೆಯಾ ದೊಡ್ಡವ್ವ?" ಅಂದೆ. ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿದ್ದದ್ದು ಹಿರೀ ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಆ ಮಗ ಇವತ್ತು ಬದುಕಿಲ್ಲ. ಕಾರ್ಡ್ ಮಾತ್ರ ಜೋಪಾನವಾಗಿದೆ. ಹುಟ್ಟಿದ ವರ್ಷ 1975.

ಈಗ ನೀವೇ ಲೆಕ್ಕ ಹಾಕಿ. ತಾಯಿ 1967, ಮಗ 1975. ಸರ್ಕಾರದ ಎರಡು ಕಾಗದಗಳನ್ನ ಅಕ್ಕಪಕ್ಕ ಇಟ್ಟರೆ ನಮ್ಮ ದೊಡ್ಡವ್ವ ಎಂಟನೇ ವರ್ಷಕ್ಕೇ ತಾಯಿ! ಇದನ್ನ ಯಾರೂ ಕೇಳಲಿಲ್ಲ. ಕಂಪ್ಯೂಟರ್ ಬೇಡ ಅಂತು, ಅಧಿಕಾರಿ ಸಹಿ ಹಾಕಿದ.

ಆಧಾರ್ ಅನ್ನೋದು ಗುರುತಿನ ಚೀಟಿ, ಜನ್ಮದಿನಾಂಕದ ಪುರಾವೆ ಅಲ್ಲ ಅಂತ ಆಧಾರ್ ಕೊಡೋ ಪ್ರಾಧಿಕಾರವೇ ಹೇಳಿದೆ. 2024ರ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ವಯಸ್ಸಿಗೆ ಆಧಾರ್ ಅಲ್ಲ, ಶಾಲೆಯ ದಾಖಲೆ ನೋಡಿ ಅಂದಿದೆ. ಶಾಲೆಯ ಮುಖವನ್ನೇ ನೋಡದವರ ಗತಿ? ಅದಕ್ಕೂ ಉತ್ತರ ಇದೆ. ಕೇಂದ್ರದ ವೃದ್ಧಾಪ್ಯ ವೇತನದ ಮಾರ್ಗಸೂಚಿಯಲ್ಲಿ ರೇಷನ್ ಕಾರ್ಡ್, ಮತದಾರರ ಚೀಟಿ ಪರಿಗಣಿಸಬಹುದು, ಅದೂ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆ ವೈದ್ಯರಿಂದ ವಯಸ್ಸಿನ ಪ್ರಮಾಣಪತ್ರ ಪಡೆಯಬಹುದು ಅಂತಿದೆ. ಕೌಂಟರಿನಲ್ಲಿ ಇದನ್ನ ಯಾರಾದ್ರೂ ಹೇಳ್ತಾರಾ? "ಆಧಾರ್ ಸರಿ ಮಾಡಿಸ್ಕೊಂಡ್ ಬಾರಮ್ಮ" ಅಂತಾರೆ ಅಷ್ಟೆ.

ಇನ್ನೊಂದು ಅಸ್ತ್ರ ಸಕಾಲ ಕಾಯ್ದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೊಡ್ತಾರಲ್ಲ, ಅದರ ಮೇಲಿನ ಜಿಎಸ್‌ಸಿ ನಂಬರ್ ನಿಮ್ಮ ಹಿಡಿತ. ಅದನ್ನ ಬಿಸಾಡಬೇಡಿ. ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ಅವರ ಮೇಲೊಬ್ಬರು ಮೇಲ್ಮನವಿ ಪ್ರಾಧಿಕಾರಿ ಇದ್ದಾರೆ. ಸುಮ್ಮನೆ ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಬಾಯಿಮಾತಲ್ಲಿ ಆಗಲ್ಲ ಅಂದ್ರೆ ಒಪ್ಕೋಬೇಡಿ, ಕಾರಣ ಬರೆದುಕೊಡಿ ಅನ್ನಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಕೇಳಿ. ಬಿಪಿಎಲ್ ಕುಟುಂಬಕ್ಕೆ ಆ ಹತ್ತು ರೂಪಾಯಿಯೂ ಬೇಕಿಲ್ಲ.

ನಾವು ಹಾಗೇ ಮಾಡಿದೆವು. ವೈದ್ಯರ ಪ್ರಮಾಣಪತ್ರ, ಹಳೇ ಮತದಾರರ ಚೀಟಿ, ಮಗನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಒಂದು ಪುಟದ ಮನವಿ. ಮೂಲ ಕಾರ್ಡನ್ನ ಮಾತ್ರ ದೊಡ್ಡವ್ವ ಯಾರ ಕೈಗೂ ಬಿಡಲಿಲ್ಲ. "ನೋಡ್ಕೊಂಡು ಇಲ್ಲೇ ಕೊಡಿ ಸ್ವಾಮಿ" ಅಂತ ಮೇಜಿನ ಮುಂದೆಯೇ ನಿಂತಿದ್ದರು.

ಆದೇಶ ಬಂತು. ತಿಂಗಳಿಗೆ 1200 ರೂಪಾಯಿ.

ಇದು ಭಿಕ್ಷೆ ಅಲ್ಲ ರೀ. ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಪ್ರಜೆಗೆ ನೆರವಾಗಬೇಕು ಅಂತ ಸಂವಿಧಾನದ 41ನೇ ವಿಧಿ ಹೇಳುತ್ತೆ. ಅನರ್ಹರನ್ನ ತೆಗೆಯಿರಿ, ನನ್ನದೇನೂ ತಕರಾರಿಲ್ಲ. ಖಜಾನೆಯ ದುಡ್ಡು ಜನರದ್ದೇ. ಆದರೆ ತಿರಸ್ಕಾರದ ಗುಂಡಿ ಒತ್ತೋ ಮೊದಲು ಎದುರಿಗೆ ನಿಂತ ಮನುಷ್ಯರ ಮುಖ ಒಮ್ಮೆ ನೋಡಿ. ನಾಲ್ಕು ಮನೆ ಆಚೆ ಕೇಳಿದ್ದರೆ ಇಡೀ ಊರು ದೊಡ್ಡವ್ವನ ವಯಸ್ಸು ಹೇಳ್ತಿತ್ತು.

ಮೊದಲ ಹಣ ಬಂದ ದಿನ ದೊಡ್ಡವ್ವ ಫೋನ್ ಮಾಡಿದ್ರು. ಖುಷಿಯಾಗಿದ್ರು. ಕೊನೆಗೆ ಒಂದೇ ಮಾತು ಕೇಳಿದ್ರು. "ಅಲ್ಲ ಮಗ, ವಯಸ್ಸು ಸಾಲದು ಅಂದ್ರಲ್ಲ, ಆ ತಿಂಗಳುಗಳದ್ದು ಯಾರು ಕೊಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹಿ ಹಾಕಿದವರ ಹತ್ತಿರ ಇದೆಯಾ? ಯೋಚನೆ ಮಾಡಿ.