ಗುರಿ ಇತ್ತು, ಹೊತ್ತು ಇರಲಿಲ್ಲ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೂರು ವರ್ಷ ಪ್ರತಿ ಯುಗಾದಿಗೂ ಒಂದೇ ಗುರಿ ಬರೀತಿದ್ದೆ: ‘ಮಗಳಿಗೆ ಕನ್ನಡ ಕಲಿಸಬೇಕು.’ ಕಲಿಸಲಿಲ್ಲ. ಕಳೆದ ರಜೆಯಲ್ಲಿ ಹಾಸನಕ್ಕೆ ಹೋದಾಗ ಅಮ್ಮ, ಮೊಮ್ಮಗಳ ಮಾತು ತಿಳಿಯದೆ ನನ್ನ ಮುಖ ನೋಡಿದ್ರು. ತುಂಬಾ ನಾಚಿಕೆ ಆಯ್ತು.

‘ಮನಸ್ಸು ಮಾಡಿದ್ರೆ ಆಗುತ್ತೆ’ ಅಂತೀವಿ. ನನಗೆ ಮನಸ್ಸಿತ್ತು, ಯಾವಾಗ, ಹೇಗೆ ಅನ್ನೋದು ಇರಲಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರ ಲೇಖನದಲ್ಲಿ ಹೇಳೋದೂ ಇದನ್ನೇ: ‘ಇಂಥ ಸಂದರ್ಭ ಬಂದರೆ ಇಂಥದ್ದು ಮಾಡ್ತೀನಿ’ ಅಂತ ಮೊದಲೇ ನಿರ್ಧರಿಸಿಕೊಂಡರೆ ಗುರಿ ಮುಟ್ಟೋ ಸಾಧ್ಯತೆ ಹೆಚ್ಚು. ಎಂಟೆಕ್ ಓದಿ, ದಿನವಿಡೀ ಕೋಡ್‌ನಲ್ಲಿ ‘ಇಫ್’ ಬರೆಯೋ ನಾನು ಬದುಕಿಗೆ ಒಂದೂ ಬರೆದಿರಲಿಲ್ಲ!

ಈಗ ನಮ್ಮನೆ ನಿಯಮ: ರಾತ್ರಿ ಊಟದ ತಟ್ಟೆ ಎತ್ತಿದ ಕೂಡಲೇ ಅಜ್ಜಿಗೆ ಫೋನ್. ಹತ್ತು ನಿಮಿಷ, ಕನ್ನಡದಲ್ಲೇ. ಆರು ತಿಂಗಳಾಯ್ತು. ಆಫೀಸ್ ಕೆಲಸದಿಂದ ತಪ್ಪಿದ ದಿನಗಳೂ ಇವೆ. ಮೊನ್ನೆ ನಾನು ಮರೆತಾಗ ಮಗಳೇ ಫೋನ್ ತಂದು ಕೊಟ್ಟಳು: ‘ಅಪ್ಪಾ, ಅಜ್ಜಿ ಕಾಯ್ತಾನೆ!’

ವ್ಯಾಕರಣ ತಪ್ಪು. ಆದರೆ ಪ್ರಮೋಷನ್ ಬಂದ ದಿನವೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ನಿಮ್ಮ ಗುರಿಗೂ ಇವತ್ತೇ ಒಂದು ಹೊತ್ತು ಗೊತ್ತು ಮಾಡಿ.