ವೃಂದಗಾನದಲ್ಲಿ ವಿನೋದ

ವೃಂದಗಾನವೆಂದೊಡನೆ ಕಣ್ಣಮುಂದೆ ನಿಲ್ಲುವುದು ಗಂಭೀರ ಮುಖಗಳ ಸಾಲು. ಪಶ್ಚಿಮ ದೇಶಗಳಲ್ಲಿ ಅದು ಇಗರ್ಜಿಯ ಮಡಿಲಲ್ಲಿ ಬೆಳೆದ ಕಲೆ. ಗಾಂಭೀರ್ಯವು ಅದರ ಹುಟ್ಟುಗುಣ. ಆದರೂ ಅದು ನಗುವುದನ್ನು ಬಹು ಹಿಂದೆಯೇ ಕಲಿತಿತ್ತು. ಬೊಲೋನ್ಯದ ಸಂನ್ಯಾಸಿ ಆಡ್ರಿಯಾನೊ ಬಾಂಕಿಯೇರಿ 1608ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ನಾಯಿ, ಬೆಕ್ಕು, ಕೋಗಿಲೆ, ಗೂಬೆಗಳು ಏಕಕಾಲದಲ್ಲಿ ಕೂಗುತ್ತವೆ. ಅವುಗಳ ಕೆಳಗೆ ಮಂದ್ರಧ್ವನಿಯ ಗಾಯಕನು ಮಹಾಪಂಡಿತನಂತೆ ಹುಸಿ ಲ್ಯಾಟಿನ್ ಹಾಡುತ್ತಾನೆ.

ಶ್ರೋತೃಗಳೇ, ಈ ಹೊತ್ತು ನಾನು ಹೇಳಹೊರಟಿರುವುದು ಅದಕ್ಕಿಂತ ಈಚಿನ ಒಂದು ಸಂಗತಿ. 1927ರ ಡಿಸೆಂಬರ್. ಬರ್ಲಿನ್ ನಗರದಲ್ಲಿ ಹ್ಯಾರಿ ಫ್ರೊಮ್ಮರ್‌ಮಾನ್ ಎಂಬ ಕೆಲಸವಿಲ್ಲದ ತರುಣ ನಟ ಪತ್ರಿಕೆಗೆ ಒಂದು ಸಣ್ಣ ಜಾಹೀರಾತು ಕೊಟ್ಟ: ಗಾಯಕರು ಬೇಕಾಗಿದ್ದಾರೆ, ವಯಸ್ಸು ಇಪ್ಪತ್ತೈದು ಮೀರಿರಬಾರದು. ಅಮೆರಿಕದ 'ರೆವೆಲರ್ಸ್' ತಂಡದ ಧ್ವನಿಮುದ್ರಿಕೆಗಳು ಅವನ ತಲೆಗೇರಿದ್ದವು. ಐವರು ಗಾಯಕರು, ಒಬ್ಬ ಪಿಯಾನೊ ವಾದಕ ಸೇರಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಸಾಧನೆ ಮಾಡಿದರು. 1928ರ ಸೆಪ್ಟೆಂಬರಿನಲ್ಲಿ 'ಕಾಮಿಡಿಯನ್ ಹಾರ್ಮನಿಸ್ಟ್ಸ್' ರಂಗವೇರಿತು.

ಅವರು ಆಯ್ದುಕೊಂಡದ್ದು ಬೀದಿಬೀದಿಯಲ್ಲಿ ಗುನುಗುವ ಹಗುರವಾದ ಹಾಡುಗಳನ್ನು. ಹಾಡು ಹಗುರ, ಅದರ ಜೋಡಣೆ ಮಾತ್ರ ಹಗುರವಲ್ಲ. ಫ್ರೊಮ್ಮರ್‌ಮಾನ್‌ನ ಕಂಠ ಅಂಥ ದೊಡ್ಡದೇನೂ ಆಗಿರಲಿಲ್ಲ. ಆದರೆ ತುತ್ತೂರಿ ಮೊದಲಾದ ವಾದ್ಯಗಳನ್ನು ಬಾಯಲ್ಲೇ ನುಡಿಸುವ ವಿದ್ಯೆ ಅವನದಾಗಿತ್ತು. ಯಾವ ಸ್ವರ ಯಾರ ಪಾಲಿಗೆ ಎಂದು ಹಂಚುವ ಬುದ್ಧಿಯೂ ಅವನದೇ. ರೊಸ್ಸೀನಿಯ 'ಸೆವಿಲ್‌ನ ಕ್ಷೌರಿಕ' ಗೀತನಾಟಕದ ಪೂರ್ವರಂಗ ಇಡೀ ವಾದ್ಯವೃಂದಕ್ಕೆಂದು ಬರೆದದ್ದು. ಅದನ್ನು ಇವರು ಕೇವಲ ಕಂಠಗಳಿಂದ ಹಾಡಿಬಿಟ್ಟರು!

ಇಲ್ಲಿ ನಗು ಹುಟ್ಟುವುದು ಎಲ್ಲಿಂದ? ಕರಾರುವಾಕ್ಕಾದ ಶಿಸ್ತಿನಿಂದ. ಒಂದು ಪದದ ಕೊನೆಯ ವ್ಯಂಜನವನ್ನು ಐವರೂ ಒಂದೇ ಕ್ಷಣದಲ್ಲಿ ಕತ್ತರಿಸಬೇಕು. ಒಬ್ಬನು ಅರ್ಧಮಾತ್ರೆ ತಡೆದರೂ ವಿನೋದ ಸತ್ತುಹೋಯಿತು. ಬಾಲ್ಕನಿಯಲ್ಲಿಟ್ಟ ಹಸಿರು ಕಳ್ಳಿಗಿಡದ ಮೇಲೆ ಹಾಡೊಂದಿದೆ. ಶುದ್ಧ ಹುಡುಗಾಟ, ಆದರೆ ಅದನ್ನು ಅವರು ಸ್ತೋತ್ರದಷ್ಟೇ ಶ್ರದ್ಧೆಯಿಂದ ಹಾಡುತ್ತಾರೆ. ಇಂಥ ಹಾಡುಗಳಿಗೆ ಬಣ್ಣದ ಟೊಪ್ಪಿಗೆ ತೊಟ್ಟು ಮುಖ ಕಿವುಚುವ ತಂಡಗಳುಂಟು. ನನ್ನ ಮಟ್ಟಿಗೆ ಅದು ಹಾಡಿನ ಮೇಲೆ ನಂಬಿಕೆಯಿಲ್ಲದವರ ಲಕ್ಷಣ.

ಕಳ್ಳಿಯ ಹಾಡು ಮುದ್ರಣಗೊಂಡದ್ದು 1934ರಲ್ಲಿ. ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದು ಒಂದು ವರ್ಷವಾಗಿತ್ತು. ಆರು ಮಂದಿಯಲ್ಲಿ ಮೂವರು ಯೆಹೂದಿ ಮೂಲದವರು. ಆ ವರ್ಷದ ಮಾರ್ಚಿಯಲ್ಲಿ ಹ್ಯಾನೋವರ್‌ನಲ್ಲಿ ನಡೆದದ್ದೇ ಸ್ವದೇಶದಲ್ಲಿ ಅವರ ಕೊನೆಯ ಕಚೇರಿ. 1935ರಲ್ಲಿ ಜೊತೆಯಾಗಿ ಹಾಡುವುದಕ್ಕೇ ನಿಷೇಧ ಬಂತು. ಮೂವರು ದೇಶ ತೊರೆದು ವಿಯೆನ್ನಾದಲ್ಲಿ ಹೊಸಬರನ್ನು ಕೂಡಿಸಿಕೊಂಡು ತಂಡ ಕಟ್ಟಿದರು. ಬರ್ಲಿನ್‌ನಲ್ಲಿ ಉಳಿದ ಮೂವರು ತಮ್ಮದೊಂದನ್ನು ಕಟ್ಟಿದರು. ಎರಡೂ ಹಾಡಿದವು, ಎರಡಕ್ಕೂ ಹಳೆಯ ರುಚಿ ಬರಲಿಲ್ಲ. 1941ರ ಹೊತ್ತಿಗೆ ಎರಡೂ ಚದುರಿಹೋದವು.

ಯುದ್ಧ ಮುಗಿದ ಮೇಲೂ ಆ ಆರು ಮಂದಿ ಮತ್ತೆ ಒಂದೇ ರಂಗದ ಮೇಲೆ ನಿಲ್ಲಲಿಲ್ಲ. 1976ರಲ್ಲಿ ಎಬರ್‌ಹಾರ್ಡ್ ಫೆಖ್ನರ್ ಅವರ ಸಾಕ್ಷ್ಯಚಿತ್ರ ಬಂದಾಗ, ಬದುಕಿ ಉಳಿದಿದ್ದವರು ಬೇರೆಬೇರೆ ಮನೆಗಳಲ್ಲಿ ಕುಳಿತು ಒಂದೇ ಕಥೆಯನ್ನು ಬೇರೆಬೇರೆಯಾಗಿ ಹೇಳಿದರು. ಎಲ್ಲರಿಗಿಂತ ಕೊನೆಗೆ, 1998ರಲ್ಲಿ ತೀರಿಕೊಂಡವರು ರೋಮನ್ ಸಿಕೋವ್ಸ್ಕಿ. ಅಮೆರಿಕಕ್ಕೆ ಹೋದ ಮೇಲೆ ಅವರು ಯೆಹೂದಿ ಪ್ರಾರ್ಥನಾಮಂದಿರದ ಗಾಯಕರಾಗಿದ್ದರು.

ಕಳ್ಳಿಗಿಡದ ಹಾಡನ್ನು ಜರ್ಮನಿಯ ವೃಂದಗಳು ಇಂದಿಗೂ ಹಾಡುತ್ತವೆ. ಹಳೆಯ ಮುದ್ರಿಕೆಯೂ ಕೇಳಲು ಸಿಗುತ್ತದೆ. ಅದರಲ್ಲಿ ಯಾವ ಧ್ವನಿ ಯಾರದೆಂದು ಬಿಡಿಸಲು ನಾನು ಹಲವು ಸಲ ಪ್ರಯತ್ನಿಸಿದ್ದೇನೆ, ಸಾಧ್ಯವಾಗಿಲ್ಲ.