ರೇಷ್ಮೆಯ ಪತಂಗವೂ ಹುಲ್ಲಿನ ಮೊಲವೂ



ಹಿಂದೂಪುರದ ಸೀಮೆಯವರಾದ ನಮಗೆ ರೇಷ್ಮೆ ಹೊಸದಲ್ಲ. ಗೂಡಿನ ಮಾರುಕಟ್ಟೆ ಊರಲ್ಲಿದೆ, ಸಂಶೋಧನಾ ಸಂಸ್ಥೆ ಕಿರಿಕೆರೆಯಲ್ಲಿದೆ. ಕಲ್ಯಾಣದುರ್ಗದ ಕಡೆಯವರಿಗಾದರೋ ಮೊಲ ಪರಿಚಿತ: ಕಡಲೆಕಾಯಿ ಹೊಲದ ಬದುವಿನಿಂದ ಚಂಗನೆ ನೆಗೆದು ಕುರುಚಲಿನಲ್ಲಿ ಮರೆಯಾಗುವ, ಕತ್ತಿನ ಹಿಂದೆ ಕಪ್ಪು ಮಚ್ಚೆಯ ಮೊಲ. ಆ ಮೊಲದ ಅಪರೂಪದ ದಾಯಾದಿಯೊಂದನ್ನು ನಮ್ಮ ರೇಷ್ಮೆ ಪತಂಗದ ಪಕ್ಕದಲ್ಲಿಟ್ಟು ನೋಡುವುದು ಈ ಮಾತಿನ ಉದ್ದೇಶ.

ಒಂದು ಹೆಣ್ಣು ಪತಂಗ ಸುಮಾರು 400 ಮೊಟ್ಟೆ ಇಡುತ್ತದೆ. ಸಂಖ್ಯೆಗೆ ಕೊರತೆಯಿಲ್ಲ. ಆದರೆ ಅದಕ್ಕೆ ರೆಕ್ಕೆಯಿದ್ದೂ ಹಾರಲಾಗದು. ಅದು ಏನನ್ನೂ ಉಣ್ಣದು. ಹುಳುವಾಗಿದ್ದಾಗ ಹಿಪ್ಪುನೇರಳೆ ಸೊಪ್ಪನ್ನು ತಟ್ಟೆಗೇ ತಂದು ಹಾಕಬೇಕು. ನಾಲ್ಕು ಜ್ವರ ಕಳೆದು ಹಣ್ಣಾದಾಗ ಚಂದ್ರಿಕೆಗೆ ಎತ್ತಿ ಬಿಡಬೇಕು. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಈ ಜೀವಿಗೆ ಕಾಡಿನಲ್ಲಿ ಬಾಳು ಉಳಿದಿಲ್ಲ. ಮನೆಯ ಹೆಂಗಸರು ನಡುರಾತ್ರಿಯಲ್ಲೆದ್ದು ಸೊಪ್ಪು ಹಾಕುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಒರಟು ಕೂದಲಿನ, ಗಿಡ್ಡ ಕಿವಿಯ ಹಿಸ್ಪಿಡ್ ಮೊಲದ ಕಥೆ ಬೇರೆ. ಹಿಮಾಲಯದ ತಪ್ಪಲಿನ ಆಳೆತ್ತರದ ಹುಲ್ಲೇ ಅದರ ಮನೆ. 1960ರ ದಶಕದಲ್ಲಿ ಅದು ಅಳಿದೇಹೋಯಿತೆಂದು ಬಲ್ಲವರು ಭಾವಿಸಿದ್ದರು; 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಕಂಡಿತು. ಇಂದಿಗೂ ಅಳಿವಿನಂಚಿನಲ್ಲಿದೆ. ನಮ್ಮಿಂದ ಅದು ಒಂದು ಎಸಳನ್ನೂ ಬೇಡುವುದಿಲ್ಲ. ಹೊಲಗಳು ಹಬ್ಬಿ ಹುಲ್ಲುಗಾವಲು ಕುಗ್ಗಿತು. ಉಳಿದುದಕ್ಕೂ ದನಗಳಿಗೆ ಎಳೆಹುಲ್ಲು ಬರಲೆಂದು ಬೇಸಗೆ ಬೇಸಗೆಗೂ ಬೆಂಕಿ. ಹಾಗೆಂದು ಬೆಂಕಿಯನ್ನು ಪೂರ್ಣವಾಗಿ ನಿಲ್ಲಿಸಿದರೆ ಮರಗಳೆದ್ದು ಹುಲ್ಲೇ ಇಲ್ಲವಾದೀತು. ತುಂಡು ತುಂಡಾಗಿ ಸುಟ್ಟು, ಪಕ್ಕದಲ್ಲಿ ಮರೆ ಉಳಿಸುವುದೊಂದೇ ದಾರಿ. ಕಾಯುವುದೆಂದರೆ ಬೇಲಿ ಹಾಕುವುದಷ್ಟೇ ಎಂದುಕೊಂಡಿದ್ದ ನಮಗೆ ಇದು ಹೊಸ ಪಾಠ.

ಶತಮಾನದ ಈ ದಿನ ಹಾಜರಿ ಪುಸ್ತಕವನ್ನು ನೋಡಿ ಎಷ್ಟು ಮಕ್ಕಳಿದ್ದಾರೆಂದು ಹಲವರು ಕೇಳಿದರು. ತೆಲುಗಿನ ನೆರೆಯಲ್ಲಿ ಬಾಳುವ ಕನ್ನಡ ಶಾಲೆಗೆ ಆ ಪ್ರಶ್ನೆ ಹಳೆಯದು, ನ್ಯಾಯವಾದುದು. ಆದರೂ ಈ ಎರಡು ಜೀವಿಗಳನ್ನು ಓದಿದ ಮೇಲೆ ನಮಗೆ ಇನ್ನೊಂದು ಪ್ರಶ್ನೆ ಕಾಡುತ್ತಿದೆ: ಕೊನೆಯ ಗಂಟೆ ಹೊಡೆದ ಮೇಲೆ ಈ ಮಕ್ಕಳಿಗೆ ಕನ್ನಡ ಎಲ್ಲೆಲ್ಲಿ ಸಿಗುತ್ತದೆ? ನಾವು ತಂದು ಹಾಕುವ ತಟ್ಟೆಯಲ್ಲಿ ಮಾತ್ರವೋ, ಮನೆಯ ಜಗಲಿಯಲ್ಲಿ, ಸಂತೆಯಲ್ಲಿ, ಅಜ್ಜಿಯ ಬೈಗುಳದಲ್ಲಿಯೂ ಇದೆಯೋ?

ಪಕ್ಕದ ಕೊಠಡಿಯಲ್ಲಿ ಮಕ್ಕಳು ಚಂದ್ರಿಕೆಯೊಂದನ್ನು ಇಟ್ಟಿದ್ದಾರೆ. ಹುಳುಗಳು ಗೂಡು ಕಟ್ಟುತ್ತಿವೆ; ಕೈ ತಾಗಿಸದೆ ನೋಡಿ ಹೋಗಬೇಕೆಂದು ಕೋರುತ್ತೇವೆ.